ಉಪ್ಪು ದಪ್ಪವೋ ಸಣ್ಣವೋ
ಆಗಸ್ಟ್ 10, 2024, ಶನಿವಾರ ರಾತ್ರಿ
ಪುರ್ಮಾಮಾರ್ಕ, ಅರ್ಜೆಂಟೀನಾ

ಇವಳು ತಲೆನೋವು ಅಂತ ಎಂಟೂವರೆಗೇ ಮಲಗಿದಳು. ಎರಡು ಕಂಬಳಿ ಸಾಲದೆ ನನ್ನ ಜಾಕೆಟ್ಟನ್ನೂ ಎಳೆದುಕೊಂಡಿದ್ದಾಳೆ. ನಾನು ಹೋಟೆಲಿನ ಹಜಾರದಲ್ಲಿ ಹೀಟರ್ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಊರೇ 2,300 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಅಂದರೆ ಕರ್ನಾಟಕದ ತುತ್ತತುದಿಗಿಂತ ಮೇಲೆ ಕೂತು ಚಳಿ ಯಾಕೆ ಅಂತ ಕೇಳುತ್ತಿದ್ದೇವೆ.

ಏಳು ಬಣ್ಣದ ಗುಡ್ಡದ ಬಗ್ಗೆ ಬರೆಯಲ್ಲ, ಫೋಟೋ ಹಾಕಿದ್ದೇನೆ, ನೋಡಿಕೊಳ್ಳಿ. ಬರೆಯಬೇಕಾದ್ದು ಅಪ್ಪನ ಫೋನಿನ ಬಗ್ಗೆ. ಆದರೆ ಅದಕ್ಕೆ ಮೊದಲು ರಸ್ತೆಯ ವಿಷಯ ಹೇಳಬೇಕು.

ಬೆಳಿಗ್ಗೆ 52ನೇ ನಂಬರ್ ರಸ್ತೆ ಹಿಡಿದು ಕುಯೆಸ್ತಾ ದೆ ಲಿಪಾನ್ ಘಾಟಿ ಹತ್ತಿದೆವು. ತಿರುವು ಅಂದರೆ ತಿರುವು, ದೇವಿಮನೆ ಘಟ್ಟವೆಲ್ಲ ಇದರ ಮುಂದೆ ಅಂಗಳ. ತುದಿಯಲ್ಲಿ 4,170 ಮೀಟರ್ ಅಂತ ಕಲ್ಲು ನೆಟ್ಟಿದ್ದಾರೆ. ಅಲ್ಲಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನ ಚಿಪ್ಸ್ ಪೊಟ್ಟಣ ಬಲೂನಿನ ಹಾಗೆ ಊದಿತ್ತು, ಬಾಡಿಗೆ ಕಾರು ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು, ನನಗೂ ಅದೇ ಗತಿ. ಅಮ್ಮನಿಗೆ ಈ ಘಾಟಿಯ ಸುದ್ದಿ ಹೇಳಿರಲಿಲ್ಲ. ಹೋದ ತಿಂಗಳು 16ಕ್ಕೆ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮೇಲೆ ಬಿತ್ತಲ್ಲ, ಅವತ್ತಿನಿಂದ ಗುಡ್ಡ ಕಡಿದು ಮಾಡಿದ ರಸ್ತೆ ಅಂದರೆ ಸಾಕು, ಅಮ್ಮ ಮಾತೇ ನಿಲ್ಲಿಸಿಬಿಡುತ್ತಾಳೆ. ಕಾರವಾರಕ್ಕೆ ಹೋಗುವಾಗೆಲ್ಲ ನಾವು ದಾಟುತ್ತಿದ್ದ ಜಾಗ ಅದು. ನಾನು ಬಾಯಿ ಕಟ್ಟಿಕೊಂಡಿದ್ದೆ. ಇವಳು ಘಾಟಿಯ ವೀಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿಬಿಟ್ಟಳು. ಆಯ್ತು.

ಘಾಟಿ ಇಳಿದರೆ ಸಲೀನಾಸ್ ಗ್ರಾಂದೆಸ್. ಹೆಸರಿನ ಅರ್ಥವೇ ದೊಡ್ಡ ಉಪ್ಪಿನ ಬಯಲು. ಸುಮಾರು 3,450 ಮೀಟರ್ ಎತ್ತರದಲ್ಲಿ, 200 ಚದರ ಕಿಲೋಮೀಟರ್‌ಗೂ ಜಾಸ್ತಿ, ಬರೀ ಉಪ್ಪು. ಅಲ್ಲಿಯ ಊರವರೇ ಗೈಡ್. ನಮಗೆ ಸಿಕ್ಕಿದ್ದು ಒಬ್ಬ ಹೆಂಗಸು. ಮುಖಕ್ಕೆಲ್ಲ ಬಟ್ಟೆ, ಕಪ್ಪು ಕನ್ನಡಕ, ಕೆನ್ನೆಯೊಂದು ಉಬ್ಬಿತ್ತು. ಕೋಕಾ ಎಲೆ. ಇಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ, ಅಗಿಯುವುದು ಕಾನೂನಿಗೂ ತಪ್ಪಲ್ಲ. ಎಲೆಯ ಜೊತೆ ಚೂರು ಸೋಡಾ ಪುಡಿ ಹಾಕಿಕೊಳ್ಳುತ್ತಾರೆ. ನನಗೆ ನಗು ಬಂತು. ಎಲೆಗೆ ಸುಣ್ಣ ಹಚ್ಚಿಕೊಂಡ ನಮ್ಮ ಕವಳವೇ ಅಲ್ವಾ ಇದು! ನಾನೂ ನಾಲ್ಕು ಎಲೆ ಹಾಕಿಕೊಂಡೆ. ಒಣ ಹುಲ್ಲಿನ ರುಚಿ. ತಲೆನೋವು ಹೋಯಿತು ಅನ್ನಿಸಿತು, ಅಥವಾ ಹೋಯಿತು ಅಂತ ಅಂದುಕೊಂಡೆ.

ಆಕೆ ಉಪ್ಪಿನ ನೆಲದಲ್ಲಿ ಕಡಿದ ಉದ್ದುದ್ದ ಹೊಂಡಗಳನ್ನು ತೋರಿಸಿದಳು. ಅಡಿಯಿಂದ ಉಪ್ಪುನೀರು ಒಸರಿ ತುಂಬುತ್ತದೆ, ಬಿಸಿಲು ನೀರನ್ನು ಎಳೆದುಕೊಳ್ಳುತ್ತದೆ, ಉಪ್ಪು ಹರಳುಗಟ್ಟುತ್ತದೆ. ತಿಳಿ ನೀಲಿ ನೀರು, ಸುತ್ತ ಬಿಳಿ. ಬಗ್ಗಿ ಒಂದು ಹಿಡಿ ಹರಳು ತೆಗೆದು ನನ್ನ ಅಂಗೈಗೆ ಹಾಕಿದಳು. ಇವಳು ಪಕ್ಕದಿಂದ "ಅಯ್ಯೋ, ಕೈಗೆ ತಗೋಬೇಡಿ" ಅಂದಳು. ಕೈಯಿಂದ ಕೈಗೆ ಉಪ್ಪು ಕೊಟ್ಟರೆ ಜಗಳ ಅಂತ. ನಾನು ಆಗಲೇ ತಗೊಂಡಾಗಿತ್ತು. ಆಕೆಯ ಜೊತೆ ಜಗಳ ಆಗಲಿಲ್ಲ. ವಾಪಸ್ ಬರುವಾಗ ಯಾರು ಡ್ರೈವ್ ಮಾಡಬೇಕು ಅಂತ ನಾವಿಬ್ಬರು ಆಡಿದೆವು, ಅದು ಲೆಕ್ಕಕ್ಕೆ ಬರುತ್ತದಾ ಗೊತ್ತಿಲ್ಲ.

ಊಟಕ್ಕೆ ಉಮೀತಾ ಸಿಕ್ಕಿತು. ಎಳೆ ಮೆಕ್ಕೆಜೋಳ ರುಬ್ಬಿ ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ್ದು. ಎಲೆಯಲ್ಲಿ ಸುತ್ತಿದ ಕಡುಬು ಬಿಚ್ಚಿದ ಹಾಗೆ ಹಬೆ ಬಂತು. ಒಳಗೆ ಚೀಸ್ ಇತ್ತು, ಇರಲಿ.

ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ ಆರು. ಅಪ್ಪ ಅಷ್ಟೊತ್ತಿಗೆ ಚಾ ಕುಡಿದು ಕವಳ ಹಾಕಿ ಜಗುಲಿಯಲ್ಲಿ ಕೂತಿರುತ್ತಾನೆ. ನಮ್ಮ ಸಾಣಿಕಟ್ಟೆಯ ಉಪ್ಪಿನ ಆಗರ ಈಗ ಮಳೆನೀರಿನಲ್ಲಿ ಮುಳುಗಿದೆ, ಇನ್ನು ಅಲ್ಲಿ ಕೆಲಸ ಶುರುವಾಗುವುದು ಮಳೆಗಾಲ ಮುಗಿದ ಮೇಲೆಯೇ. ಅಪ್ಪ ಕೆಲಸ ಬಿಟ್ಟು ಆರು ವರ್ಷ ಆದರೂ ಮಳೆಗಾಲ ಅಂದರೆ ರಜೆ ಅನ್ನುವುದು ಮೈಗೆ ಹತ್ತಿಬಿಟ್ಟಿದೆ. ಫೋಟೋಗಳನ್ನು ಮೊದಲೇ ಕಳಿಸಿದ್ದೆ. ಹೇಗಿದ್ದೀಯಾ, ಚಳಿಯಾ, ಅದೆಲ್ಲ ಇಲ್ಲ.

"ತಮಾ, ಉಪ್ಪು ದಪ್ಪವೋ ಸಣ್ಣವೋ?"

ದಪ್ಪ ಅಂದೆ. ಕಲ್ಲುಸಕ್ಕರೆ ಚೂರಿನ ಹಾಗೆ.

"ಮಣ್ಣು?"

"ಇಲ್ಲಪ್ಪ, ಪೂರ್ತಿ ಬಿಳಿ."

"ಅಷ್ಟು ಬಿಳಿ ಇದ್ರೆ ರುಚಿ ಇರೂದಿಲ್ಲ."

ನಮ್ಮ ಆಗರದ ಉಪ್ಪು ಕಂದು ಬಣ್ಣ. ಅಂಗಡಿಯವರು ಮೂಗು ಮುರಿಯುತ್ತಾರೆ. ಅಪ್ಪ ಜೀವನಪೂರ್ತಿ ಬಿಳಿ ಉಪ್ಪಿನ ಮೇಲೆ ಸಿಟ್ಟು ಇಟ್ಟುಕೊಂಡವನು, ಅದು ಅರ್ಜೆಂಟೀನಾದ್ದಾದರೇನು. ಸಮುದ್ರ ಎಲ್ಲಿ ಅಂತ ಕೇಳಿದ. ಸಮುದ್ರ ನೂರಾರು ಕಿಲೋಮೀಟರ್ ದೂರ ಅಂದೆ. ಸುತ್ತಲ ಬೆಟ್ಟದ ನೀರು ಉಪ್ಪಿನ ಅಂಶ ಹೊತ್ತು ಇಲ್ಲಿಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅಪ್ಪ ಸ್ವಲ್ಪ ಯೋಚನೆ ಮಾಡಿ, "ಅಂದ್ರೆ ಜಂತ್ರಡಿ ಇಲ್ದ ಆಗರ" ಅಂದ. ಜಂತ್ರಡಿ ಅಂದರೆ ನೀರಿನ ಗೇಟು. ಅಘನಾಶಿನಿಯ ಉಬ್ಬರದ ನೀರನ್ನು ಗೇಟು ತೆಗೆದು ಒಳಗೆ ಬಿಟ್ಟು, ಗೇಟು ಹಾಕಿ ತಡೆಯುವುದರಲ್ಲೇ ವರ್ಷಗಟ್ಟಲೆ ಕಳೆದವನಿಗೆ ಇದು ಸುಲಭದ ಕೆಲಸವಾಗಿ ಕಂಡಿರಬೇಕು.

"ಮಳೆ?"

ಮಳೆ ಜನವರಿಯಿಂದ ಮಾರ್ಚ್ ಅಂದೆ. ಆಗ ಉಪ್ಪಿನ ಮೇಲೆ ತೆಳ್ಳಗೆ ನೀರು ನಿಂತು ಕನ್ನಡಿ ಆಗುತ್ತದೆ, ಆಕಾಶ ಎಲ್ಲ ಕೆಳಗೆ ಕಾಣುತ್ತದೆ, ಅದನ್ನು ನೋಡಲಿಕ್ಕೇ ಜನ ಬರುತ್ತಾರೆ ಅಂತ ವರ್ಣಿಸಿದೆ.

ಅಪ್ಪ ಸುಮ್ಮನಾದ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ.

"ಮಳೆ ಬಿದ್ದ ಉಪ್ಪು ನೋಡೂಕೆ ಜನ ಬರ್ತಾರಾ?"

ಏನು ಹೇಳಬೇಕು ತಿಳಿಯಲಿಲ್ಲ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಅಕಾಲದಲ್ಲಿ ಮಳೆ ಬಿದ್ದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಮಾತು ತಿರುಗಿಸಲು ದಾರಿಬದಿಯ ಬೋರ್ಡುಗಳ ಕತೆ ಹೇಳಿದೆ. ಲಿಥಿಯಂ ಬೇಡ, ನೀರು ಬೇಕು, ಬದುಕು ಬೇಕು ಅಂತ ಬರೆದಿದ್ದಾರೆ. ಈ ಉಪ್ಪಿನ ಅಡಿಯ ನೀರಿನಲ್ಲಿ ಲಿಥಿಯಂ ಇದೆ, ಬ್ಯಾಟರಿಗೆ ಬೇಕು, ಅದನ್ನು ಎತ್ತಿದರೆ ಕುಡಿಯುವ ನೀರಿಗೂ ಕುತ್ತು ಅಂತ ಊರವರ ಹೆದರಿಕೆ. ಹೋದ ವರ್ಷ ಜೂನ್‌ನಲ್ಲಿ ಈ ಪುರ್ಮಾಮಾರ್ಕದ ಹತ್ತಿರವೇ ರಸ್ತೆ ತಡೆದು ಕೂತಿದ್ದರು. ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. "ತದಡಿಗೆ ಕರೆಂಟಿನ ಫ್ಯಾಕ್ಟರಿ ಬರ್ತದೆ ಅಂದಾಗ ನಾವೂ ಕೂತಿದ್ವಲ್ಲ" ಅಂದ. ಅವರಿಗೆ ಹೇಳು, ಬಿಡಬೇಡಿ ಅಂತ, ಅಂದ. ನಾನು ಆಯ್ತು ಅಂದೆ. ಯಾರಿಗೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ.

ಅಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಳು. ಸ್ಟೇಟಸ್ ನೋಡಿದ್ದಾಳೆ. ಬೈಗುಳ ಇಲ್ಲಿ ಬೇಡ. ಇಲ್ಲಿ ಆಗಸ್ಟ್ ತಿಂಗಳಿಡೀ ನೆಲದಲ್ಲಿ ಗುಂಡಿ ತೋಡಿ ಭೂಮಿತಾಯಿಗೆ ಅಡುಗೆ ಬಡಿಸುತ್ತಾರೆ ಅಂದಮೇಲೆ ಸ್ವಲ್ಪ ತಣ್ಣಗಾದಳು. ಪಾಚಾಮಾಮಾ ಅನ್ನುತ್ತಾರೆ ಅಂದೆ. "ಭೂಮಿ ಹುಣ್ಣಿಮೆ ಹಾಗೇ ಅಲ್ದಾ? ಆದ್ರೂ ನಾಗರಪಂಚಮಿ ತಿಂಗಳಲ್ಲೇ ಮಣ್ಣು ಅಗೀತಾರಾ" ಅಂತ ಒಂದು ತಕರಾರು ಇಟ್ಟಳು. ಆಮೇಲೆ ದನಿ ಇಳಿಸಿ, "ಉಪ್ಪುಗಿಪ್ಪು ತರಬೇಡ. ಇವರ ಪ್ರೆಶರ್ ಮತ್ತೆ ನೂರ ಎಪ್ಪತ್ತು ಆಗಿತ್ತು. ಗಂಜಿಗೆ ಕದ್ದು ಹಾಕಿಕೊಳ್ತಾರೆ" ಅಂದಳು. ನನ್ನ ಬ್ಯಾಗಿನಲ್ಲಿ ಆಗಲೇ ಅರ್ಧ ಕಿಲೋ ಪೊಟ್ಟಣ ಇದೆ. ಹೇಳಲಿಲ್ಲ.

ಇಡುವ ಮುಂಚೆ ಅಪ್ಪ ಮತ್ತೆ ಫೋನ್ ತಗೊಂಡ.

"ಅಲ್ಲಿ ಕೆಲಸದವರು ಕಾಲಿಗೆ ಏನು ಹಾಕ್ಕೊಳ್ತಾರೆ?"

ನೋಡಲಿಲ್ಲಪ್ಪ ಅಂದೆ.

ಅಪ್ಪನ ಹಿಮ್ಮಡಿ ನೀವು ನೋಡಿಲ್ಲ. ಆಗರದ ನೀರು ಬಿರಿಸಿದ ಹಿಮ್ಮಡಿ. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಟ್ಟಲಿನಲ್ಲಿ ಕೊಡುತ್ತಿದ್ದಳು, ನಾನು ಪಕ್ಕದಲ್ಲೇ ಕೂತು ಮಗ್ಗಿ ಓದುತ್ತಿದ್ದೆ.

ನಾಳೆ 40ನೇ ನಂಬರ್ ರಸ್ತೆಯಲ್ಲಿ ಸಾನ್ ಆಂತೋನಿಯೋ ದೆ ಲೋಸ್ ಕೋಬ್ರೆಸ್‌ಗೆ ಹೋಗುವ ಪ್ಲಾನ್. ಅದು 3,775 ಮೀಟರ್. ಇವಳ ತಲೆನೋವು ಇಳಿಯದಿದ್ದರೆ ಬೇಡ.

ಈಗ ಅರ್ಧ ಗಂಟೆಯಿಂದ ಫೋಟೋ ಹುಡುಕುತ್ತಿದ್ದೇನೆ. 214 ಇವೆ. ನಾನು ಹಾರಿದ್ದು, ಇವಳು ನನ್ನ ಅಂಗೈ ಮೇಲೆ ನಿಂತ ಹಾಗೆ ಕಾಣುವುದು, ಉಪ್ಪಿನಲ್ಲಿ ಕೆತ್ತಿದ ಲಾಮಾ. ಒಂದರಲ್ಲಿ ಹಿಂದೆ, ದೂರದಲ್ಲಿ, ಸಲಿಕೆ ಹಿಡಿದ ಒಬ್ಬ ಇದ್ದಾನೆ. ಝೂಮ್ ಮಾಡಿದರೆ ಮೊಣಕಾಲಿನವರೆಗೆ ಸಿಗುತ್ತಾನೆ, ಕೆಳಗೆ ಬರೀ ಬಿಳಿ. ಇವಳ ಫೋನಿನಲ್ಲಿ ಇನ್ನೊಂದು ಇರಬೇಕು, ಅದು ದಿಂಬಿನ ಕೆಳಗಿದೆ, ಎಬ್ಬಿಸಿದರೆ