ಹನ್ನೊಂದು ಹೆಸರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರ ನಡೆಯುವುದರಿಂದ ರವಿವಾರವೆಂದರೆ ನಮಗೆ ರಜೆಯಲ್ಲ, ಮರುದಿನದ ಟೆಂಡರಿಗಾಗಿ ರೈತರು ಚೀಲಗಳನ್ನು ತಂದು ಇಳಿಸುವ ದಿನ. 2012ರ ಡಿಸೆಂಬರ್ 9 ಅಂಥದೊಂದು ರವಿವಾರವಾಗಿತ್ತು. ಹಂಗಾಮು ಆಗಷ್ಟೇ ಶುರುವಾಗಿತ್ತು. ಕುಂದಗೋಳದ ಕಡೆಯ ಗಾಡಿಗಳು ನಸುಕಿನಲ್ಲೇ ಬಂದು ನಿಂತಿದ್ದವು, ಹಮಾಲರು ಚೀಲ ಇಳಿಸುತ್ತಿದ್ದರು. ಆದರೆ ಲಾಟಿನ, ಅಂದರೆ ಟೆಂಡರಿಗಿಟ್ಟ ಒಂದೊಂದು ರಾಶಿಯ, ಚೀಟಿ ಬರೆಯಬೇಕಾದ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದರು.

"ತಮ್ಮಾ, ನಾ ಹಾವೇರಿಗೆ ಹೊಂಟೀನಿ. ನೀ ಬರ್ತೀ ಅಂದ್ರ ಕೂಡೇ ಹೋಗೂಣು. ಇಲ್ಲಂದ್ರ ಸಂಜೀಕ ಬಂದು ಲಾಟ್ ಬರೀತೀನಿ, ಕೆಲಸ ಉಳಿಯೂದಿಲ್ಲ" ಎಂದರು.

"ನೀವು ಹೋಗ್ರಿ ಕಾಕಾ, ನಾ ಬರೂದಿಲ್ಲ" ಎಂದೆ. ಅವರು ಮತ್ತೊಮ್ಮೆ ಕರೆಯಲಿಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ನಮ್ಮ ತಂದೆಯವರು ದಲಾಲಿ ಅಂಗಡಿ ತೆರೆದ ವರ್ಷದಿಂದ ಲೆಕ್ಕ ಬರೆಯುತ್ತಿದ್ದ ದಿವಾನಜಿ ಅವರು. ಅಂಗಡಿಯ ಲೆಕ್ಕದಷ್ಟೇ ಶ್ರದ್ಧೆಯಿಂದ ಅವರು ನಮ್ಮ ಮತಗಟ್ಟೆಯ ಲೆಕ್ಕವನ್ನೂ ಇಟ್ಟಿದ್ದರು. ಯಾರ ಮನೆಯಲ್ಲಿ ಎಷ್ಟು ಓಟು, ದುಡಿಯಲು ಗೋವಾಕ್ಕೆ ಹೋದವರು ಯಾರು, ಮದುವೆಯಾಗಿ ಬಂದ ಸೊಸೆಯ ಹೆಸರು ಪಟ್ಟಿಗೆ ಸೇರಿದೆಯೋ ಇಲ್ಲವೋ ಎಂಬುದೆಲ್ಲ ಅವರ ಒಂದು ಉದ್ದನೆಯ ವಹಿಯಲ್ಲಿ ಹಳೆಯ ಮೋಡಿ ಲಿಪಿಯಂಥ ಅಕ್ಷರಗಳಲ್ಲಿ ಇರುತ್ತಿತ್ತು. ಪಕ್ಷದ ಕೆಲಸವೆಂದರೆ ವೇದಿಕೆ ಏರುವುದಲ್ಲ, ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಸಿ ಇದ್ದವರ ಹೆಸರನ್ನು ಸೇರಿಸುವುದು ಎಂದು ನನಗೆ ಕಲಿಸಿದವರು ಅವರೇ. 2008ರಲ್ಲಿ ಭಾರತೀಯ ಜನತಾ ಪಕ್ಷ 110 ಸ್ಥಾನ ಗೆದ್ದು ಬಿ.ಎಸ್. ಯಡಿಯೂರಪ್ಪನವರು ಮೇ 30ರಂದು ಪ್ರಮಾಣವಚನ ಸ್ವೀಕರಿಸಿದಾಗ ನಾವಿಬ್ಬರೂ ಪೇಟೆಯಲ್ಲಿ ಪೇಢೆ ಹಂಚಿದ್ದೆವು. ಹನ್ನೊಂದನೆಯ ದಿನಕ್ಕೆ, ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಆ ವಾರವಿಡೀ ಅಂಗಡಿಗೆ ಬಂದ ರೈತರ ಬೈಗುಳಕ್ಕೆ ನಾವಿಬ್ಬರೂ ತಲೆ ತಗ್ಗಿಸಿ ಕುಳಿತಿದ್ದೆವು. ಬಂದವರಿಗೆ ಚಹಾ ತರಿಸಿ, ಅವರು ಹೇಳಿದ್ದನ್ನೆಲ್ಲ ಎದುರಾಡದೆ ಕೇಳಿಸಿಕೊಂಡವರು ಕಾಕಾ. ಒಟ್ಟಿಗೆ ಹಿಗ್ಗಿದ ದಿನಗಳಿಗಿಂತ ಒಟ್ಟಿಗೆ ಬೈಸಿಕೊಂಡ ಆ ವಾರವೇ ನಮ್ಮಿಬ್ಬರನ್ನು ಹೆಚ್ಚು ಹತ್ತಿರ ತಂದಿತೆಂದು ನಾನು ನಂಬಿದ್ದೇನೆ.

ಒಡಕು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂದ ಮೇಲೆ 2011ರ ಜುಲೈ 31ರಂದು ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಉತ್ತರಾಧಿಕಾರಿಯ ಆಯ್ಕೆಗೆ ಶಾಸಕಾಂಗ ಪಕ್ಷದಲ್ಲಿ ಗುಪ್ತ ಮತದಾನ ನಡೆಯಿತು. ಯಡಿಯೂರಪ್ಪನವರ ಬೆಂಬಲವಿದ್ದ ಡಿ.ವಿ. ಸದಾನಂದಗೌಡರು ಗೆದ್ದರು, ನಮ್ಮ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಸೋತರು. ವರ್ಷ ತುಂಬುವ ಮೊದಲೇ ಅದೇ ಯಡಿಯೂರಪ್ಪನವರ ಬಣ ಸದಾನಂದಗೌಡರನ್ನು ಇಳಿಸಬೇಕೆಂದು ಪಟ್ಟು ಹಿಡಿದು, 2012ರ ಜುಲೈ 12ರಂದು ಶೆಟ್ಟರ್ ಮುಖ್ಯಮಂತ್ರಿಯಾದರು. ಎಸ್.ಆರ್. ಬೊಮ್ಮಾಯಿಯವರ ಸರ್ಕಾರ 1989ರಲ್ಲಿ ವಜಾ ಆದ ಮೇಲೆ ನಮ್ಮ ಹಳೆಯ ಧಾರವಾಡ ಜಿಲ್ಲೆಯವರಿಗೆ ಆ ಕುರ್ಚಿ ದಕ್ಕಿದ್ದು ಅದೇ ಮೊದಲು. ನನಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಜನಸಂಘದ ಕಾಲದಿಂದ ಪಕ್ಷದಲ್ಲಿದ್ದ ಮನೆತನ, ಮೆತ್ತಗೆ ಮಾತನಾಡುವ ಮನುಷ್ಯ, ನಮ್ಮ ಸೀಮೆಯವರು. ಅವರಿಗೆ ಹತ್ತು ತಿಂಗಳಾದರೂ ನೆಮ್ಮದಿಯಿಂದ ಕೆಲಸ ಮಾಡಲು ಬಿಡಬೇಕೆಂಬುದು ನನ್ನ ವಾದವಾಗಿತ್ತು.

ಕಾಕಾ ಅವರದು ಬೇರೆ ಲೆಕ್ಕ. "ಎಂಬತ್ತೈದರಾಗ ಇಡೀ ವಿಧಾನಸಭಾದಾಗ ನಮ್ಮವರು ಇಬ್ಬರ ಇದ್ರು ತಮ್ಮಾ, ಅದರಾಗ ಒಬ್ಬರು ಶಿಕಾರಿಪುರದ ಯಡಿಯೂರಪ್ಪನವರು. ಕಮಲದ ಗುರ್ತು ಯಾರೂ ಕಣ್ಣೆತ್ತಿ ನೋಡದಾಗ ಸೈಕಲ್ ಹೊಡದು ಪಕ್ಷ ಕಟ್ಟಿದವರನ್ನ ಹೊರಗ ಹಾಕಿ ನಾವು ಒಳಗ ಹೆಂಗ ಕುಂದ್ರೂದು?" ಎನ್ನುತ್ತಿದ್ದರು. ಅವರನ್ನು ಯಾರೂ ಹೊರಗೆ ಹಾಕಿಲ್ಲ, ತಾವೇ ಹೋಗುತ್ತಿದ್ದಾರೆ ಎಂದು ನಾನು ಹೇಳಿದರೆ, ಮನೆಯ ಹಿರಿಯನಿಗೆ ಊಟಕ್ಕೆ ಕರೆಯದೆ ಬಡಿಸುತ್ತಾ ಹೋದರೆ ಅವನು ತಾನಾಗಿ ಎದ್ದು ಹೋದ ಎಂದೇ ಎಲ್ಲರೂ ಹೇಳುವುದು ಎಂದು ಉತ್ತರಿಸುತ್ತಿದ್ದರು. ಇಬ್ಬರ ಮಾತಿನಲ್ಲೂ ನಿಜವಿತ್ತು. ನಮ್ಮ ಜಿಲ್ಲೆಯ ಸಂಕಟವೇ ಅದು. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಹಿರೇಕೆರೂರಿನ ಗಡಿ ದಾಟಿದರೆ ಶಿಕಾರಿಪುರ. ಎರಡೂ ನಮ್ಮವೇ.

ನವೆಂಬರ್ 30ರಂದು ಯಡಿಯೂರಪ್ಪನವರು ಪಕ್ಷಕ್ಕೂ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ತಾವು ಮುನ್ನಡೆಸಲಿದ್ದ ಹೊಸ ಪಕ್ಷ, ಕರ್ನಾಟಕ ಜನತಾ ಪಕ್ಷದ ಡಿಸೆಂಬರ್ 9ರ ಸಮಾವೇಶಕ್ಕೆ ಹಾವೇರಿಯನ್ನೇ ಆರಿಸಿಕೊಂಡರು.

ಆ ದಿನ ಮಧ್ಯಾಹ್ನದವರೆಗೆ ನಾನೇ ಚೀಟಿ ಬರೆದೆ. ನಾಲ್ಕು ಲಾಟು ತಪ್ಪಿದವು. ಆಮೇಲೆ ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ ಮೋಟಾರ್ ಸೈಕಲ್ ಹತ್ತಿದೆ. ನೋಡಿಯಾದರೂ ಬರೋಣವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ ಹೋದದ್ದು ಆ ಜನ ದುಡ್ಡಿಗೆ ಬಂದವರೆಂದು ಕಣ್ಣಾರೆ ಕಂಡು, ಮರುದಿನ ಪೇಟೆಯಲ್ಲಿ ಹೇಳುವುದಕ್ಕೆ. ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಸೇರುವಷ್ಟರಲ್ಲಿಯೇ ಜೀಪು, ಟೆಂಪೋ, ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಬಯಲಿನ ತುದಿಯಲ್ಲಿ, ನೀರಿನ ಟ್ಯಾಂಕರಿನ ಮರೆಯಲ್ಲಿ ಗಾಡಿ ನಿಲ್ಲಿಸಿದೆ. ದೂರದ ವೇದಿಕೆಯ ಮಾತು ಧ್ವನಿವರ್ಧಕಗಳಲ್ಲಿ ಒಡೆದು ಬರುತ್ತಿತ್ತು. ಆಡಳಿತ ಪಕ್ಷದ ಹಲವು ಶಾಸಕರು ಪಕ್ಷ ಬಿಡದೆಯೇ ಆ ವೇದಿಕೆಯ ಮೇಲೆ ಕುಳಿತಿದ್ದರು.

ಬಂದವರಲ್ಲಿ ಯಾರ‍್ಯಾರು ಹೇಗೆ ಬಂದಿದ್ದರೋ, ನಾನು ಹೇಳಲಾರೆ. ಆದರೆ ನಮ್ಮ ಓಣಿಯವರನ್ನು ನಾನು ಬಲ್ಲೆ. ಅವರು ಟಿಕೆಟ್ ತೆಗೆಸಿ ಬಸ್ಸಿಗೆ ಬಂದಿದ್ದರು, ಬುತ್ತಿ ಕಟ್ಟಿಕೊಂಡಿದ್ದರು. ಕಾಕಾ ನೆಲದ ಮೇಲೆ, ಬಿಸಿಲಿನಲ್ಲಿ, ಬಿಳಿ ಅಂಗಿಗೆ ಮಣ್ಣು ತಾಗದಂತೆ ಪತ್ರಿಕೆಯ ಹಾಳೆ ಹಾಸಿಕೊಂಡು ಕುಳಿತಿದ್ದರು. ಅವರ ಸುತ್ತ ನಮ್ಮ ಮತಗಟ್ಟೆಯ ಮಂದಿ. ಮತದಾರರ ಪಟ್ಟಿ ಪರಿಷ್ಕರಣೆಗೆ ನನ್ನೊಡನೆ ಮನೆ ಮನೆ ತಿರುಗಿದವರು, ಮತದಾನದ ದಿನ ಮೇಜು ಹಾಕಿ ಚೀಟಿ ಬರೆದವರು, ಮುದುಕಿಯರನ್ನು ರಿಕ್ಷಾದಲ್ಲಿ ಕರೆತಂದವರು. ಕಿಸೆಯಲ್ಲಿ ಲಾಟಿನ ಖಾಲಿ ಚೀಟಿಗಳಿದ್ದವು. ಒಂದನ್ನು ತೆಗೆದು ಹೆಸರು ಬರೆಯತೊಡಗಿದೆ. ಯಾರೂ ಕೇಳಿರಲಿಲ್ಲ. ಯಾಕೆ ಬರೆದೆನೆಂದು ಹನ್ನೆರಡು ವರ್ಷ ಯೋಚಿಸಿದ್ದೇನೆ. ಸಿಟ್ಟು ಬಂದಿತ್ತು ಎಂದರೆ ಅರ್ಧ ಸತ್ಯ. ನಾವಿಬ್ಬರೂ ಕೂಡಿ ಕಟ್ಟಿದ್ದು ನನ್ನ ಕಣ್ಣೆದುರಿಗೇ ಬೇರೊಬ್ಬರದಾಗುತ್ತಿದೆ, ಇದರ ದಾಖಲೆ ಇರಬೇಕು ಎನಿಸಿತು. ಜೊತೆಗೆ, ಹೊಸ ನಾಯಕರ ಕಡೆ ನಿಂತವನು ನಾನು ಎಂದು ತೋರಿಸುವ ಆಸೆಯೂ ಇತ್ತು. ಹನ್ನೊಂದು ಹೆಸರಾದವು. ಮೊದಲನೆಯದು ಕಾಕಾ ಅವರದು.

ಸಂಜೆ ಏಳರ ಹೊತ್ತಿಗೆ, ಹೇಳಿದಂತೆಯೇ, ಅವರು ಅಂಗಡಿಗೆ ಬಂದರು. ಅಂಗಿ ಬದಲಿಸಿರಲಿಲ್ಲ. ನಾನು ತಪ್ಪು ಬರೆದ ನಾಲ್ಕು ಲಾಟುಗಳನ್ನು ಚೀಲದೊಂದಿಗೆ ಹೋಲಿಸಿ ತಿದ್ದಿದರು, ಘಾಟಿಗೆ ಕೆಮ್ಮುತ್ತಾ ಉಳಿದದ್ದನ್ನು ಬರೆದು ಮುಗಿಸಿದರು. ಸಭೆಯ ಬಗ್ಗೆ ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕಿಸೆಯಲ್ಲಿದ್ದ ಚೀಟಿ ಅದೇ ಚೀಟಿಗಳ ಕಟ್ಟಿನಿಂದ ಹರಿದದ್ದು. ಹತ್ತು ಗಂಟೆಗೆ ಹೋಗುವಾಗ, "ಊಟಾ ಮಾಡು ತಮ್ಮಾ, ನಾಳೆ ಟೆಂಡರ್ ಅದ" ಎಂದು ಹೇಳಿ ಹೋದರು.

ಅವರು ತಿರುವು ದಾಟಿದ ಸ್ವಲ್ಪ ಹೊತ್ತಿಗೆ ನನಗೆ ಫೋನು ಬಂತು. ಪಕ್ಷದಲ್ಲಿ ನನಗಿಂತ ಹಿರಿಯರಾದ ಪರಿಚಿತರೊಬ್ಬರು ಊರಿನ ಸಮಾಚಾರ ಕೇಳುತ್ತಾ, ನಿಮ್ಮ ಕಡೆಯಿಂದ ಯಾರಾದರೂ ಹೋಗಿದ್ದರೇ ಎಂದರು. ಸಹಜವಾಗಿ ಕೇಳಿದ ಪ್ರಶ್ನೆ. ಗೊತ್ತಿಲ್ಲವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಚೀಟಿ ತೆಗೆದು ಹನ್ನೊಂದೂ ಹೆಸರುಗಳನ್ನು ಓದಿದೆ. ಹೀಗಾಗಿ ಆ ದೋಷವನ್ನು ಇನ್ನೊಬ್ಬರ ಮೇಲೆ ಹಾಕುವ ದಾರಿ ನನಗಿಲ್ಲ. ತಿಂಗಳೊಳಗೆ ಮತಗಟ್ಟೆಯ ಜವಾಬ್ದಾರಿ ನನ್ನ ಹೆಸರಿಗೆ ಬಂತು. ಕಾಕಾ ತಮ್ಮ ವಹಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದು ಗಲ್ಲೆಯ ಮೇಲಿಟ್ಟು, ನಕಲು ಮಾಡಿಕೊಂಡು ವಾಪಸು ಕೊಡು ಎಂದರು. ಮೂಲ ಅವರ ಬಳಿ ಉಳಿಯಿತು, ನಕಲು ನನ್ನ ಬಳಿ.

ಜನವರಿಯಲ್ಲಿ ಹಾನಗಲ್ಲಿನ ಸಿ.ಎಂ. ಉದಾಸಿಯವರು ಸಚಿವ ಸ್ಥಾನ ಬಿಟ್ಟು ಯಡಿಯೂರಪ್ಪನವರ ಕಡೆ ಹೋದರು. ಅವರ ಮಗ ನಮ್ಮ ಸಂಸದರಾಗಿ ಪಕ್ಷದಲ್ಲಿಯೇ ಇದ್ದರು. ದೊಡ್ಡವರ ಮನೆಯಲ್ಲಿ ಹೀಗಾದರೆ ಅದು ಸುದ್ದಿಯಾಗುತ್ತದೆ. ನಮ್ಮ ಅಂಗಡಿಯಲ್ಲಿ ಇಬ್ಬರು ಒಂದೇ ಗಲ್ಲೆಯ ಎರಡು ಬದಿಗೆ ಕುಳಿತು ದಿನವಿಡೀ ದರದ ಬಗ್ಗೆ ಮಾತ್ರ ಮಾತನಾಡಿದ್ದು ಯಾರಿಗೂ ಸುದ್ದಿಯಲ್ಲ. 2013ರ ಮೇ 5ರಂದು, ಅದೂ ರವಿವಾರವೇ, ಶಾಲೆಯ ಹಾದಿಯಲ್ಲಿ ಎರಡು ಮೇಜುಗಳಿದ್ದವು. ಒಂದರ ಮೇಲೆ ನಮ್ಮ ಕಮಲ, ಒಂದರ ಮೇಲೆ ಯಡಿಯೂರಪ್ಪನವರ ಪಕ್ಷದ ಗುರುತು ತೆಂಗಿನಕಾಯಿ. ಎರಡೂ ಕಡೆ ಒಂದೇ ವಹಿ. ನನ್ನ ನಕಲಿನಲ್ಲಿ ಒಬ್ಬ ಅಜ್ಜಿಯ ಕ್ರಮಸಂಖ್ಯೆ ಸಿಗದಿದ್ದಾಗ ಕಾಕಾ ತಮ್ಮ ಮೇಜಿನಿಂದಲೇ ಸಂಖ್ಯೆ ಕೂಗಿ ಹೇಳಿದರು. ಆ ಅಜ್ಜಿ ಯಾರಿಗೆ ಓಟು ಹಾಕುವವಳೆಂದು ಅವರಿಗೆ ಗೊತ್ತಿತ್ತು.

8ನೇ ತಾರೀಖು ಎಣಿಕೆ. 110 ಇದ್ದದ್ದು 40ಕ್ಕೆ ಇಳಿಯಿತು. ಯಡಿಯೂರಪ್ಪನವರ ಪಕ್ಷಕ್ಕೆ ಸಿಕ್ಕದ್ದು 6. ಕಾಂಗ್ರೆಸ್ 122 ಗೆದ್ದು ಅಧಿಕಾರಕ್ಕೆ ಬಂತು. ಮತಗಳನ್ನು ನೋಡಿದರೆ ಒಡಕಿನ ಅಳತೆ ಇನ್ನೂ ಸ್ಪಷ್ಟವಾಗುತ್ತದೆ: ಕಾಂಗ್ರೆಸ್ಸಿಗೆ ಶೇಕಡಾ 36.6, ನಮಗೆ 19.9, ಹೋದವರಿಗೆ 9.8. ಹಾವೇರಿ ಜಿಲ್ಲೆಯ 6 ಕ್ಷೇತ್ರಗಳಲ್ಲಿ 2008ರಲ್ಲಿ 5ನ್ನು ಗೆದ್ದಿದ್ದ ನಮಗೆ ಶಿಗ್ಗಾವಿ ಒಂದೇ ಉಳಿಯಿತು. ಹಿರೇಕೆರೂರು ತೆಂಗಿನಕಾಯಿಗೆ ಹೋಯಿತು, ಬ್ಯಾಡಗಿಯೂ ಸೇರಿ ನಾಲ್ಕು ಕಾಂಗ್ರೆಸ್ಸಿಗೆ. ಭ್ರಷ್ಟಾಚಾರದ ಆರೋಪಗಳು, ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು, ಇವೂ ಸೋಲಿಗೆ ಕಾರಣಗಳೇ. ಎಲ್ಲವನ್ನೂ ಒಡಕಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೂ ನಮ್ಮ ಒಂದು ಮತಗಟ್ಟೆಯ ಮಟ್ಟಿಗೆ, ಎರಡು ಮೇಜುಗಳ ಓಟು ಕೂಡಿಸಿದರೆ ನಾವು ಎಂದಿನಂತೆ ಮುಂದಿದ್ದೆವು.

2014ರ ಜನವರಿಯಲ್ಲಿ ಯಡಿಯೂರಪ್ಪನವರು ಮರಳಿ ಬಂದರು. ಹೋಗಿದ್ದ ಮುಖಂಡರು ಹಾರ ಹಾಕಿಸಿಕೊಂಡು ಮತ್ತೆ ಒಳಗೆ ಕುಳಿತರು. ನಾನು ಕಾಕಾ ಅವರನ್ನು ಕರೆದೆ. "ನಾ ಎಲ್ಲಿ ಹೋಗಿದ್ನಿ ತಮ್ಮಾ, ವಾಪಸ್ ಬರಾಕ?" ಎಂದರು. ವಹಿಯನ್ನು ಮಾತ್ರ ಕೊಟ್ಟುಬಿಟ್ಟರು. ಮುಂದೆ ಕಣ್ಣು ಮಂದವಾಗಿ ಲೆಕ್ಕ ಬಿಟ್ಟು ರಾಣೇಬೆನ್ನೂರಿನ ಮಗಳ ಮನೆಗೆ ಹೋದರು.

2023ರ ಏಪ್ರಿಲ್‌ನಲ್ಲಿ, ಯಾರಿಗಾಗಿ ನಾನು ಆ ಚೀಟಿ ಬರೆದೆನೋ ಆ ಶೆಟ್ಟರ್ ಅವರೇ ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿದರು, ಮರುವರ್ಷದ ಜನವರಿಯಲ್ಲಿ ವಾಪಸಾದರು. 2023ರ ನವೆಂಬರಿನಲ್ಲಿ ಯಡಿಯೂರಪ್ಪನವರ ಮಗ ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾದ ಮೇಲೆ ಮತ್ತೆ ಹೊಸ ನಾಯಕ, ಮತ್ತೆ ಬಣ, ಮತ್ತೆ ಬೇರೆ ಬೇರೆ ಸಭೆಗಳು. 2025ರ ಮಾರ್ಚ್‌ನಲ್ಲಿ ವಿಜಯೇಂದ್ರರನ್ನು ವಿರೋಧಿಸುತ್ತಿದ್ದ ಶಾಸಕ ಬಸನಗೌಡ ಪಾಟೀಲ ಯತ್ನಾಳರನ್ನು 6 ವರ್ಷ ಉಚ್ಚಾಟಿಸಿದ ವಾರ, ನಮ್ಮ ಮತಗಟ್ಟೆಯ ಹುಡುಗನೊಬ್ಬ ಅಂಗಡಿಗೆ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, "ಅಣ್ಣಾರ, ಇವರೆಲ್ಲಾ ಆ ಕಡೆ ಮೀಟಿಂಗಿಗೆ ಹೋದವರು, ಹೆಸರು ಬರ್ಕೊಳ್ರಿ" ಎಂದ. ಅವನ ದನಿಯಲ್ಲಿದ್ದ ಉತ್ಸಾಹವನ್ನು ನಾನು ಗುರುತಿಸಿದೆ. ಮರುದಿನವೇ ರಾಣೇಬೆನ್ನೂರಿಗೆ ಹೋದೆ.

ಕಾಕಾ ಪಡಸಾಲೆಯಲ್ಲಿ ಕುಳಿತಿದ್ದರು. ಹಾವೇರಿಯ ಆ ದಿನ ನಾನೂ ಬಯಲಿನಲ್ಲಿದ್ದೆ, ಟ್ಯಾಂಕರಿನ ಮರೆಯಲ್ಲಿ ನಿಂತು ನಿಮ್ಮೆಲ್ಲರ ಹೆಸರು ಬರೆದೆ, ರಾತ್ರಿ ಫೋನಿನಲ್ಲಿ ಓದಿ ಹೇಳಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮಗಳು ಚಹಾ ತಂದಿಟ್ಟು ಒಳಗೆ ಹೋದಳು.

"ಎಷ್ಟ್ ಹೆಸರು ಬರ್ದಿದ್ದಿ?"

"ಹನ್ನೊಂದರೀ ಕಾಕಾ."

ಅವರು ಬೆರಳು ಮಡಚುತ್ತಾ ಮನಸ್ಸಿನಲ್ಲೇ ಎಣಿಸಿದರು. ಎರಡನೆಯ ಸಲವೂ ಎಣಿಸಿದರು.

"ಹದಿಮೂರು ಮಂದಿ ಇದ್ವಿ" ಎಂದರು.

ಉಳಿದ ಇಬ್ಬರ ಹೆಸರನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.