ನಿನ್ನನ್ನು ಅಂತಾನಾ ಮೇಡಂ?

ಶುಕ್ರವಾರ ಮಧ್ಯಾಹ್ನದಿಂದ ಒಂದೇ ಮಾತು ತಲೆಯಲ್ಲಿ ಕೂತಿದೆ. ಹೇಳಿದವರು ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ. ಕೈಯಲ್ಲಿ ಮಾಪ್ ಹಿಡಿದು, ಬೋರ್ಡಿನ ಮುಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಓದಿ, ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು:

“ನಿನ್ನನ್ನು ಅಂತಾನಾ ಮೇಡಂ? ಮನೆಯವ್ರಿಗೆ ಹೆಂಗ್ ಮೇಡಂ ನಿನ್ನ ಅನ್ನೋದು?”

ಈ ಸಲ ಪ್ರೇಮಿಗಳ ದಿನ ಶನಿವಾರ ಬಂತು. ಶನಿವಾರ ಆಫೀಸಿಗೆ ಯಾರು ಬರುತ್ತಾರೆ? ಅದಕ್ಕೇ ಎಚ್‌ಆರ್ ಹುಡುಗಿ ಹಿಂದಿನ ದಿನವೇ ಮುಗಿಸಿಬಿಟ್ಟಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ಆದರೆ ಭಾಷೆ ಅಂದರೆ ಅವಳಿಗೆ ಬಲೂನ್ ಇದ್ದ ಹಾಗೆ. ಜಾಸ್ತಿ ಬಣ್ಣ ಇದ್ದಷ್ಟೂ ಚೆಂದ. ಪ್ಯಾಂಟ್ರಿ ಪಕ್ಕದ ಬಿಳಿ ಬೋರ್ಡಿನಲ್ಲಿ ದೊಡ್ಡದೊಂದು ಹೃದಯ ಬರೆದು, ‘ಐ ಲವ್ ಯೂ’ ಅನ್ನುವುದನ್ನು ಎಲ್ಲರೂ ಅವರವರ ಭಾಷೆಯಲ್ಲಿ ಬರೆಯಬೇಕು ಅಂದಳು. ಪಕ್ಕದಲ್ಲಿ ಬೇರೆ ದೇಶದ ಆಚರಣೆಗಳ ಪ್ರಿಂಟ್‌ಔಟ್ ಅಂಟಿಸಿದ್ದಳು. ಒಂದು ಬಕೆಟ್ ತುಂಬ ಕೆಂಪು ಗುಲಾಬಿ.

ಬೆಂಗಳೂರಿನ ಆಫೀಸಲ್ವಾ, ಭಾಷೆಗೇನು ಬರ. ಬಂಗಾಳಿ ಹುಡುಗ ‘ಆಮಿ ತೋಮಾಕೆ ಭಾಲೋಬಾಶಿ’ ಅಂತ ಬರೆದ. ಹಿಂದಿಯವನು ‘ಕರ್ತಾ ಹೂಂ’ ಅಂತ ಬರೆದಿದ್ದಕ್ಕೆ ಇನ್ನೊಬ್ಬಳು ಬಂದು ಓರೆಗೆರೆ ಎಳೆದು ‘ಕರ್ತೀ’ ಸೇರಿಸಿದಳು. ಮಲಯಾಳಿ ಗೆಳತಿಯದು ‘ಞಾನ್ ನಿನ್ನೆ ಸ್ನೇಹಿಕ್ಕುನ್ನು’. ಅವರಲ್ಲಿ ‘ನಿನ್ನೆ’ ಅಂದರೆ ನಿನ್ನನ್ನು ಅಂತ. ನನಗೆ ಮಾತ್ರ ಅದು ‘ನಿನ್ನೆ ಪ್ರೀತಿಸಿದ್ದೆ, ಇವತ್ತು ಗೊತ್ತಿಲ್ಲ’ ಅಂದ ಹಾಗೆ ಕೇಳಿಸುತ್ತದೆ. ಹೇಳಿದರೆ ಅವಳೂ ನಕ್ಕಳು.

ಇವರೆಲ್ಲ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ನಾನು ಹಟಕ್ಕೆ ಕನ್ನಡ ಅಕ್ಷರದಲ್ಲೇ ಬರೆದೆ: ನಾನು ನಿನ್ನನ್ನು ಪ್ರೀತಿಸುತ್ತೇನೆ. ಒತ್ತು, ದೀರ್ಘ ಎಲ್ಲ ಸರಿಯಾಗಿತ್ತು. ಗಂಡು ಹೆಣ್ಣು ಅನ್ನುವ ಕರ್ತಾ ಕರ್ತೀ ತಾಪತ್ರಯ ನಮ್ಮ ವಾಕ್ಯಕ್ಕಿಲ್ಲ ಅಂತ ಒಳಗೊಳಗೇ ಬೀಗಿದ್ದೂ ಹೌದು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳಬಹುದು ಅಂದುಕೊಂಡಿದ್ದೆ. ಕನ್ನಡದಲ್ಲಿ ಇದ್ದದ್ದರಿಂದಲೇ ಅಕ್ಕ ಅದನ್ನು ಓದಿದ್ದು. ಓದಿದ್ದರಿಂದಲೇ ಕೇಳಿದ್ದು.

“ಹೆಂಗ್ ಮೇಡಂ ನಿನ್ನ ಅನ್ನೋದು?”

“ಹಾಗಾದ್ರೆ ನಿಮ್ಮನ್ನು ಅಂತ ಬರೀಲಾ ಅಕ್ಕಾ?” ಅಂದೆ.

ಅವರು ಎರಡು ಸಲ ಬಾಯಲ್ಲೇ ಹೇಳಿ ನೋಡಿದರು. ನಾನು ನಿಮ್ಮನ್ನು ಪ್ರೀತಿಸುತ್ತೇನೆ. ನಾನು ನಿಮ್ಮನ್ನು... ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. “ಅಯ್ಯೋ, ಅದು ಓಟ್ ಕೇಳಕ್ಕೆ ಬರೋರು ಮಾತಾಡ್ದಂಗೈತೆ.”

ನಿಜ ಅಲ್ವಾ? ಒಂದು ಆಗಲ್ಲ, ಇನ್ನೊಂದು ಒಗ್ಗಲ್ಲ.

ಅಕ್ಕನಿಗೆ ಪ್ರಿಂಟ್‌ಔಟ್ ಓದಿ ಹೇಳಿದ್ದೂ ನಾನೇ. ಜಪಾನಿನಲ್ಲಿ ಫೆಬ್ರವರಿ 14ಕ್ಕೆ ಹೆಂಗಸರೇ ಗಂಡಸರಿಗೆ ಚಾಕೊಲೇಟ್ ಕೊಡುವುದು. ಮನಸ್ಸಿಗೆ ಹಿಡಿದವರಿಗೆ ಒಂದು ಬಗೆ. ಆಫೀಸಿನ ಗಂಡಸರಿಗೆ ಕೊಡಲೇಬೇಕಲ್ಲ ಅಂತ ಕೊಡುವುದು ಇನ್ನೊಂದು ಬಗೆ, ಅದಕ್ಕೆ ‘ಗಿರಿ ಚೊಕೊ’ ಅಂತ ಹೆಸರು. ಗಿರಿ ಅಂದರೆ ಅವರಲ್ಲಿ ಕರ್ತವ್ಯ. ನಮ್ಮ ಗುಮಾಸ್ತಗಿರಿಯ ಗಿರಿ ಅಂದುಕೊಂಡರೂ ಅರ್ಥ ಕೆಡುವುದಿಲ್ಲ. ಗಂಡಸರು ತಿರುಗಿ ಕೊಡುವುದು ಮಾರ್ಚ್ 14ಕ್ಕೆ. ಒಂದು ತಿಂಗಳು ಉದ್ರಿ! ದಕ್ಷಿಣ ಕೊರಿಯಾದಲ್ಲಿ ಎರಡೂ ದಿನ ಏನೂ ಸಿಗದ ಒಂಟಿ ಜೀವಗಳು ಏಪ್ರಿಲ್ 14ಕ್ಕೆ ಒಟ್ಟಿಗೆ ಕೂತು ಕಪ್ಪು ಸಾಸಿನ ನೂಡಲ್ಸ್ ತಿನ್ನುತ್ತಾರೆ. ಫಿನ್ಲೆಂಡಿನಲ್ಲಿ ಈ ದಿನದ ಹೆಸರೇ ‘ಗೆಳೆಯರ ದಿನ’. ಅಲ್ಲಿ ಸ್ನೇಹಿತರಿಗೂ ಕಾರ್ಡ್ ಹೋಗುತ್ತದೆ. ಅಕ್ಕ ಇದಕ್ಕೆಲ್ಲ ಹೂಂ ಹೂಂ ಅನ್ನುತ್ತಿದ್ದರು. ವೇಲ್ಸ್ ವಿಷಯಕ್ಕೆ ಮಾತ್ರ ಕಿವಿ ನಿಮಿರಿತು. ಅಲ್ಲಿನವರಿಗೆ ಅವರದೇ ಪ್ರೇಮದ ಸಂತಳೊಬ್ಬಳಿದ್ದಾಳೆ, ಅವಳ ದಿನ ಜನವರಿ 25. ಹಳೇ ಕಾಲದಲ್ಲಿ ಅಲ್ಲಿಯ ಹುಡುಗರು ಮೆಚ್ಚಿದ ಹುಡುಗಿಗೆ ಮರದ ಚಮಚ ಕೆತ್ತಿ ಕೊಡುತ್ತಿದ್ದರು.

“ಸೌಟು ಕೊಡ್ತಿದ್ರಾ?”

“ಹೂಂ ಅಕ್ಕಾ.”

“ಅದೇನ್ ಹೊಸ್ದು ಬಿಡಿ. ಎಲ್ಲಾ ಕಡೆ ಕೊಡೋದು ಅದ್ನೇ.”

ಎಚ್‌ಆರ್ ಹುಡುಗಿ ಅಕ್ಕನಿಗೂ ಒಂದು ಗುಲಾಬಿ ಕೊಟ್ಟಳು. ಅವರು ಅದನ್ನು ಮೂಸಲಿಲ್ಲ. ಕಾಂಡ ತಿರುಗಿಸಿ ಮುಳ್ಳು ನೋಡಿದರು. ಅವರ ತಂಗಿ ದೊಡ್ಡಬಳ್ಳಾಪುರದ ಕಡೆ ಒಂದು ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯುವ ಕೆಲಸಕ್ಕೆ ಹೋಗುತ್ತಾರಂತೆ. ಡಿಸೆಂಬರಿನಲ್ಲಿ ಗಿಡ ಸವರಿದರೆ ಸರಿಯಾಗಿ ಫೆಬ್ರವರಿಗೆ ಹೂ. ಬೇಗ ಅರಳದ ಹಾಗೆ ಮೊಗ್ಗಿಗೆ ಬಲೆಯ ಟೋಪಿ. 20 ಹೂವಿಗೆ ಒಂದು ಕಟ್ಟು. ಕಟ್ಟಿದ್ದು ಏರ್‌ಪೋರ್ಟಿಗೆ ಹೋಗುತ್ತದೆ, ಹೆಬ್ಬಾಳದ ಹರಾಜಿಗೆ ಹೋಗುತ್ತದೆ. “ಇದೇನ್ ಅವ್ಳೇ ಕೊಯ್ದಿದ್ದೋ ಏನೋ. ಆದ್ರೆ ಅವ್ಳಿಗೆ ರೋಜಾ ಕಂಡ್ರಾಗಲ್ಲ. ಮುಡ್ಕೊಳ್ಳೋದು ಕನಕಾಂಬ್ರಾನೇ.” ಹೂವನ್ನು ಬಕೆಟ್ಟಿಗೇ ವಾಪಸ್ ಇಟ್ಟು ಹೊರಟರು. ಎಚ್‌ಆರ್ ಹುಡುಗಿಯ ಮುಖ ಸ್ವಲ್ಪ ಸಣ್ಣದಾಯಿತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಪ್ಪನನ್ನ ಒಂದ್ಸಲಾನಾದ್ರೂ ನೀನು ಅಂದಿದೀಯಾ ಅಂತ ಕೇಳಿದೆ. “ನಿಂಗೇನ್ ತಲೆ ಕೆಟ್ಟಿದೆಯಾ? ಶಿವರಾತ್ರಿಗೆ ಬಿಲ್ವಪತ್ರೆ ತಂದ್ಯಾ?” ಅಂದಳು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಅಪ್ಪನನ್ನು ಕರೆದಿರುವುದು ‘ರೀ’ ಅಂತ, ‘ಏನೂಂದ್ರೆ’ ಅಂತ. ಎದುರಿಗಿಲ್ಲದಾಗ ‘ಇವರು’. ನನ್ನದು ಭಾರೀ ಸುಧಾರಣೆ ಅಂದುಕೊಳ್ಳಬೇಡಿ. ನಾವಿಬ್ಬರೂ ಹೋಗೋ ಬಾರೇ ಗಿರಾಕಿಗಳೇ. ಆದರೆ ಊರಿಂದ ಅತ್ತೆ ಬಂದಿಳಿದ ಕೂಡಲೇ ನನ್ನ ಬಾಯಲ್ಲಿ ಗಂಡನಿಗೆ ಬಹುವಚನ ಬರುತ್ತದೆ, ಜ್ವರ ಬಂದ ಹಾಗೆ. ಅತ್ತೆ ಬಸ್ ಹತ್ತಿದ ಮೇಲೆ ಇಳಿಯುತ್ತದೆ. ಅವನಿಂದ ನನಗೆ ಯಾವತ್ತೂ ಈ ಜ್ವರ ಬಂದಿಲ್ಲ. ಮದುವೆಯಾಗಿ ಇಷ್ಟು ವರ್ಷ ನನಗದು ಹೊಳೆದೇ ಇರಲಿಲ್ಲ ಅನ್ನುವುದು ಶುಕ್ರವಾರದಿಂದ ಚುಚ್ಚುತ್ತಿದೆ. ನಾನು ಬೀಗಿದ ವಾಕ್ಯಕ್ಕೆ ಗಂಡು ಹೆಣ್ಣು ಇಲ್ಲವಂತೆ! ಅಕ್ಕನ ಗಂಡ ಅದನ್ನು ಅಕ್ಕನಿಗೆ ಇವತ್ತೇ ಹೇಳಬಹುದು, ಒಂದಕ್ಷರ ಬದಲಿಸದೆ. ಅಕ್ಕ ಹೇಳುವ ಹಾಗಿಲ್ಲ.

ಜಪಾನೀಯರ ‘ಸುಕಿ ದೆಸು’ವಿನಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಇಷ್ಟ, ಅಷ್ಟೇ. ಯಾರಿಗೆ ಯಾರು ಅನ್ನುವುದನ್ನು ಕೇಳಿದವರೇ ತಿಳಿದುಕೊಳ್ಳಬೇಕು. ನಮ್ಮ ಅಮ್ಮನಿಗೆ ಸರಿಹೋಗುತ್ತಿತ್ತು.

ಭಾನುವಾರ ಶಿವರಾತ್ರಿ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಸಾಲಿನಲ್ಲಿ ನಿಂತಾಗಲೂ ಇದೇ ಯೋಚನೆ. ಮುಂದೆ ನಿಂತಿದ್ದ ಅಜ್ಜಿ ಒಂದೇ ಸಮನೆ ಗೊಣಗುತ್ತಿದ್ದರು. “ಕಾಪಾಡೋ ಶಿವನೇ, ನೀನೇ ಗತಿ ಕಣಪ್ಪಾ.” ಮೂರು ಲೋಕದ ಒಡೆಯನಿಗೆ ನೀನು! ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂದಳು, ನೀನು ಅಂತಲೂ ಅಂದಳು. ಇವಳು ಮರ್ಯಾದೆ ಕೊಡಲಿಲ್ಲ ಅಂತ ಅವನೇನೂ ಮುನಿಸಿಕೊಳ್ಳಲಿಲ್ಲ. ದೇವರಾದ ಗಂಡನಿಗೆ ಏಕವಚನ ನಡೆಯುತ್ತದೆ. ಗಂಡನೇ ದೇವರಾದಾಗ ಮಾತ್ರ ಬಹುವಚನ ಬೇಕು. ಯಾರು ಮಾಡಿದ ವ್ಯಾಕರಣವೋ ಇದು.

ಸೋಮವಾರ ಜಾಗರಣೆಯ ನಿದ್ದೆಗಣ್ಣಲ್ಲಿ ಆಫೀಸಿಗೆ ಹೋದೆ. ಹೃದಯದ ಬಲೂನುಗಳು ಸುಕ್ಕಾಗಿದ್ದವು. ಅಕ್ಕ ಬೋರ್ಡ್ ಒರೆಸುತ್ತಿದ್ದರು. ನನ್ನನ್ನು ಕಂಡು ಆಚೀಚೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

“ಮೇಡಂ, ಹೇಳ್ಬಿಟ್ಟೆ.”

“ಏನನ್ನ?”

“ಅದೇ, ನೀವ್ ಬರ್ದಿದ್ರಲ್ಲ. ಒಂದಕ್ಷರ ಬಿಡ್ದಂಗೆ. ನಿನ್ನನ್ನು ಅಂತಾನೇ.”

“ಅಯ್ಯೋ ಅಕ್ಕಾ! ಎಲ್ಲಿ?”

“ಅಡುಗೆಮನೇಲಿ. ಬೆನ್ ತಿರುಗಿಸ್ಕೊಂಡು ಹೇಳ್ದೆ. ಮುಖ ನೋಡ್ಕೊಂಡ್ ಹೇಳಕ್ಕಾಯ್ತದಾ?”

“ಅವ್ರೇನಂದ್ರು?”

ಅಕ್ಕ ಒರೆಸುವ ಬಟ್ಟೆ ಹಿಂಡಿದರು. ನಗು ತಡೆಯೋಕೆ ಆಗುತ್ತಿರಲಿಲ್ಲ.

“ಇಷ್ಟೊತ್ನಲ್ಲಿ ಯಾರತ್ರನೇ ಫೋನಲ್ಲಿ ಮಾತಾಡ್ತಿದೀಯ ಅಂದ್ರು.”