ಉಳಿದ ಅನುದಾನ ತೊಗರಿ ರೈತರಿಗೆ ಸಿಗ್ಲಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮಾತು ಬಂದಾಗೆಲ್ಲ ಎಲ್ರೂ ಕೇಳೋದು ಈ ಸಲ ಎಷ್ಟು ಕೋಟಿ ಕೊಟ್ರು ಅಂತ. 2024-25ರ ಬಜೆಟ್‌ನಲ್ಲಿ 5000 ಕೋಟಿ ಅಂತ ಘೋಷಣೆ ಆಯ್ತು, ದೊಡ್ಡ ಮೊತ್ತಾನೇ, ಆದ್ರೆ ವರ್ಷ ಮುಗಿದಾಗ ಖರ್ಚಾಗದೆ ಉಳಿಯೋ ದುಡ್ಡಿನ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸ್ಕೊಳ್ಳಲ್ಲ.

ಕ್ರಿಯಾ ಯೋಜನೆ ಲೇಟಾಗತ್ತೆ, ಆಮೇಲೆ ಅನುಮೋದನೆ, ಎಸ್ಟಿಮೇಟು, ಟೆಂಡರು, ಯಾರೂ ಬಿಡ್ ಹಾಕ್ದೇ ಇದ್ರೆ ಮತ್ತೆ ಟೆಂಡರು, ಅಷ್ಟೊತ್ತಿಗೆ ಮಾರ್ಚ್ ಬಂದ್ಬಿಡತ್ತೆ, ಆಗ ಅವಸರಕ್ಕೆ ಕಣ್ಣಿಗೆ ಬೀಳೋದು ಸಿಸಿ ರಸ್ತೆ, ಸಮುದಾಯ ಭವನ, ಕಾಂಪೌಂಡ್ ಗೋಡೆ. ರಸ್ತೆ ಬೇಡ ಅಂತಲ್ಲ. ಆದ್ರೆ ಯಾದಗಿರಿ, ರಾಯಚೂರು ಕಡೆ ಜನ ಮಕ್ಕಳುಮರಿ ಕಟ್ಕೊಂಡು ಬೆಂಗಳೂರು, ಪುಣೆಗೆ ದುಡಿಯೋಕೆ ಹೋಗೋದು ಅದರಿಂದ ನಿಲ್ಲಲ್ಲ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ 39 ತಾಲೂಕಲ್ಲಿ 21 ಈ ಭಾಗದ್ದೇ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ವಿಧಿ ಬಂದಿದ್ದೂ ಅದಕ್ಕೇ.

ಉಳಿದ ದುಡ್ಡನ್ನ ತೊಗರಿ ಕಡೆ ತಿರುಗಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಭೌಗೋಳಿಕ ಗುರುತು) ಸಿಕ್ತು, ಹೆಸರು ಬಂತು, ಆದ್ರೆ ರಾಶಿ ಮುಗಿಯೋ ಟೈಮಲ್ಲಿ ಸಣ್ಣ ರೈತನ ಹತ್ರ ಚೀಲ ಇಡೋಕೆ ಜಾಗ ಇರಲ್ಲ, ಬಿತ್ತನೆಗೆ ತಂದ ಸಾಲದ ಬಡ್ಡಿ ಬೇರೆ ಓಡ್ತಿರತ್ತೆ, ಹಂಗಾಗಿ ಕಣದಿಂದ ಸೀದಾ ಅಡತಿ ಅಂಗಡಿಗೆ, ಎಲ್ಲರ ಮಾಲೂ ಒಟ್ಟಿಗೆ ಬಂದು ರೇಟು ಬಿದ್ದಾಗ್ಲೇ ಮಾರಾಟ. ಹೋಬಳಿಗೊಂದು ಗೋದಾಮು, ಅಲ್ಲಿಟ್ಟ ಮಾಲಿನ ರಸೀದಿ ಮೇಲೆ ಸಾಲ, ಪಕ್ಕದಲ್ಲೇ ರೈತರೇ ಸೇರಿ ಮಾಡ್ಕೊಂಡ ರೈತ ಉತ್ಪಾದಕ ಕಂಪನಿ ನಡೆಸೋ ಸಣ್ಣ ದಾಲ್ ಮಿಲ್ಲು, ಇಷ್ಟಿದ್ರೆ ಅವನು ಎರಡು ತಿಂಗಳು ಕಾಯಬಹುದು, ಕಾಳಿನ ಬದ್ಲು ಬೇಳೆ ಮಾರಬಹುದು, ಊರಲ್ಲೇ ನಾಲ್ಕು ಜನಕ್ಕೆ ಕೆಲಸಾನೂ ಸಿಗತ್ತೆ. ಕಟ್ಟಡ ಕಟ್ಟಿ ಬೀಗ ಹಾಕೋದಲ್ಲ ಮತ್ತೆ, ಮೊದಲ ಮೂರು ವರ್ಷದ ಕರೆಂಟ್ ಬಿಲ್ಲು, ಮಷಿನ್ ನಡೆಸೋರ ಸಂಬಳ, ಕಾಳು ಕೊಳ್ಳೋಕೆ ಬಂಡವಾಳ ಎಲ್ಲಾನೂ ಅದೇ ಅನುದಾನದಲ್ಲಿ ಸೇರಬೇಕು. ನಡೆಸೋಕೆ ದುಡ್ಡಿಲ್ದೆ ಮಿಲ್ಲು ಕಟ್ಟಿದ್ರೆ ಅದು ಇನ್ನೊಂದು ಸಮುದಾಯ ಭವನ ಅಷ್ಟೇ.

ಒಂದು ಷರತ್ತು ಮಾತ್ರ ಬಿಡಬಾರದು. ತಾಲೂಕಿಗೆ ಕೊಟ್ಟಿದ್ದು ಬೇರೆ ಕಡೆ ಹೋಗಬಾರದು, ಇಲ್ಲಾಂದ್ರೆ ಕೆಲಸ ಮಾಡಿಸೋ ತಾಕತ್ತಿರೋ ತಾಲೂಕೇ ಎಲ್ಲಾ ಎಳ್ಕೊಳ್ಳತ್ತೆ. ಒಪ್ಪಿಗೆ ಸಿಕ್ಕಿ ಒಂದು ವರ್ಷ ಆದ್ರೂ ಶುರುವಾಗದ ಕಾಮಗಾರಿ ರದ್ದು ಮಾಡಿ, ಆ ದುಡ್ಡನ್ನ ಅದೇ ತಾಲೂಕಿನ ತೊಗರಿಗೋ ಭತ್ತಕ್ಕೋ ಹತ್ತಿಗೋ ಹಾಕ್ಲಿ, ಎಷ್ಟು ಉಳಿದಿತ್ತು ಎಲ್ಲಿಗೆ ಹೋಯ್ತು ಅಂತ ಪ್ರತಿ ಏಪ್ರಿಲ್‌ನಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರೆಸ್ಲಿ.